ಓರೆ ಹಲಗಿ

ಗ್ವಾಡಿ ಮಣ್ಣಿಂದು, ಮೊಳಿ ಹಿಡಿಯಂಗಿಲ್ಲ.
ಎರಡು ಬಡದೆ; ಎರಡೂ ನಮಸ್ಕಾರ ಮಾಡಿದಂಗ ಬಗ್ಗಿದವು.
ಉದುರಿದ್ದೆಲ್ಲಾ ನೆನಿಯಿಟ್ಟ ಹೆಸರುಕಾಳಿನಾಗ.

ಗುಳೇದಗುಡ್ಡದ ನಮ್ಮ ಓಣಿಗೆ
ಡ್ರಿಲ್ಲು ಇರೋದು ಒಂದ, ದಾವಲಸಾಬಂದು.
ಅಂವ ಮದುವಿಗೆ ಹೋಗ್ಯಾನ, ಇಳಕಲ್ಲಿಗೆ.
ಕುಡಗೋಲು ತಗೊಂಡು ಬೇವಿನ ಗೂಟ ಕೆತ್ತಿದೆ.

"ತೊಯ್ದದ್ದು ಬ್ಯಾಡ, ಒಣಗಿದ್ದ ಹೊಡಿ,"
ಅತ್ತಿ, ಪ್ಲಾಸ್ಟಿಕ್ ಕುರ್ಚಿಯಿಂದ.
ಹಲಗಿ ಅವರದ. ಮುಚ್ಚಿದ ಕುಣಿಮಗ್ಗದ್ದು,
ಮೂವತ್ತು ವರ್ಷ ಅದರ ಮ್ಯಾಲ ಕುಂತು ಖಣ ನೇದಾರ.

ತಾಟಿನಾಗ ನೀರು ಹಾಕಿ ಮಟ್ಟಾ ನೋಡಿದೆ.
ನೀರು ಕಿಡಕಿ ಕಡೆ ಹೊಂಟಿತು.
ಕಿತ್ತು ಹೊಡದೆ. ಈಗ ಬಾಗಿಲ ಕಡೆ.

ಅತ್ತ ಒಲಿ ಮ್ಯಾಲ ಒಗ್ಗರಣಿ ಕರೀತಿತ್ತು:
ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಂದು ಚಮಚ ಖಾರ.
ನೀರು ಮಳ್ಳಿದ ಮ್ಯಾಲ ಕಡ್ಲಿಹಿಟ್ಟು
ಒಂದು ಕೈಯಿಂದ ಉದುರಿಸಿ
ಇನ್ನೊಂದರಿಂದ ತಿರುವಬೇಕು.
ನನ್ನ ಇನ್ನೊಂದು ಕೈಯಾಗ ಸುತ್ತಿಗಿ ಇತ್ತು.
ಝುಣಕಾ ಗಂಟಾತು.

ಡಬ್ಬಿ ಇಟ್ಟೆ: ಶೇಂಗಾ ಹಿಂಡಿ, ಗುರೆಳ್ಳು, ಅಗಸಿ.
ಸಣ್ಣಗ ಜಾರಿದವು. ಬಿದ್ದ ಹೋದವು ಅಂತ ಕೈ ಒಡ್ಡಿದೆ.
ಬೀಳಲಿಲ್ಲ.
ಹಲಗಿ ನಡುವ ಸವದ ಒಂದು ತಗ್ಗು,
ಅಲ್ಲಿಗೆ ಬಂದು ಒಂದಕ್ಕೊಂದು ಆನಿಕೊಂಡು ನಿಂತವು.

ಅತ್ತಿ ಕತ್ತೆತ್ತಿ ನೋಡಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕರು:
"ನಾ ಕುಂತಲ್ಲೇ ಕುಂತಾವ ನೋಡ, ಕಳ್ಳ ಡಬ್ಬಿ."
ಆಮ್ಯಾಲ ಬುಟ್ಟಿಯಾಗಿನ ಬಿಸಿ ರೊಟ್ಟಿ ಮುರದು
ಗಂಟು ಇದ್ದದ್ದನ್ನ ಆರಿಸಿ ಆರಿಸಿ
ತಾವ ಮೊದಲ ಹಾಕಿಕೊಂಡರು.