ಗಾಜಿನ ಲೋಟ

ಬಾಡಿದ ಶುಂಠಿಯ ಕಾಂಡ ಓರೆಯಾಗಿ ಕೊಯ್ದು
ಚಹಾ ಲೋಟದ ತಿಳಿನೀರಿಗೆ ಇಳಿಬಿಟ್ಟಳು ಸಲೋಮಿ.
"ಅಲಗಾಡಸಬ್ಯಾಡ್ರಿ."

ಹೊರಗೆ ಬೀದರಿನ ಕೆಮ್ಮಣ್ಣು,
ಮಳೆ ಬಿಟ್ಟ ಬಿಸಿಲು,
ಸುರುಳಿ ಸುತ್ತಿಕೊಂಡ ಎಲೆಗಳ ಸಾಲು.

ಒಂದು ನಿಮಿಷ.
ಕೊಯ್ದ ಬಾಯಿಂದ ಹಾಲಿನೆಳೆಯೊಂದು
ಸದ್ದಿಲ್ಲದೆ ಕೆಳಗಿಳಿಯಿತು, ಮತ್ತೊಂದು,
ಕೂಸಿನ ತುಟಿಯಿಂದ ಜಾರಿದಂತೆ.
ಎಷ್ಟು ಚಂದ ಅದ, ಅನಿಸಿ
ನಾಚಿಕೆಯಾಯಿತು.

"ಬೀಜ ಎಲ್ಲಿಂದ್ರಿ?"
ನಮ್ಮದೇ. ಹೋದ ವರ್ಷದ್ದು.
ಗಟ್ಟಿಯಿತ್ತು, ಘಮವಿತ್ತು.
ಮೊಳೆ ಒಡೆದ ಎರಡು ಚೀಲ
ಚಿಟಗುಪ್ಪಕ್ಕೂ ಕಳಿಸಿದ್ದೆ, ತಂಗಿ ಕಸ್ತೂರಬಾಯಿಗೆ,
ದುಡ್ಡು ಬ್ಯಾಡ ಅಂತ ಜಗಳಾಡಿ.

ಫೋನು ಕೈಯಲ್ಲೇ ಇದೆ.
ಲೋಟದ ನೀರು ಈಗ ಮಜ್ಜಿಗೆ ಬಣ್ಣ.
ಸಲೋಮಿ ಬಿಸಿನೀರು ಕೇಳಿದಳು
ಚಾಕುವಿಗೆ, ಕೈಗೆ,
ಆಮೇಲೆ, ಮೆಲ್ಲಗೆ,
ನನ್ನ ಚಪ್ಪಲಿಗೂ.