ಖಾಲಿ ಹಾಳಿ

ಮೂರು ಸ್ಕ್ಯಾನರ್ ಹೊತಗೊಂಡು ಹುಬ್ಬಳ್ಳಿಯಿಂದ ಬಂದಾನ ತೌಸೀಫ್.
ಟೇಬಲ್ ಮ್ಯಾಲ ಎರಡಕ್ಕಷ್ಟ ಜಾಗಾ.
ಮೂರನೇದ್ದು ಕಕ್ಷಿದಾರರ ಬೆಂಚಿನ ಮ್ಯಾಲ ಕುಂತದ,
ತಾರೀಖಿಗೆ ಬಂದವರಂಗ,
ವಾಯರು ತೊಡಿ ಮ್ಯಾಲ ಇಟಗೊಂಡು.

‘ಇದು ಮಿನಿಟಿಗೆ ನಲವತ್ತು ಹಾಳಿ ನುಂಗ್ತದ್ರಿ ಮೇಡಂ.
ಇದು ಅರವತ್ತು. ಎರಡೂ ಮಗ್ಗಲ ಒಮ್ಮೆಲೇ ನೋಡ್ತದ.’

ಎರಡೂ ಮಗ್ಗಲ, ಒಮ್ಮೆಲೇ!
ಇಪ್ಪತ್ತಾರು ವರ್ಷದ ವಕೀಲಿಯೊಳಗ ನನಗದು ಸಾಧಿಸಿಲ್ಲ,
ಗದಗಿನ ಯಾವ ಕೋರ್ಟಿಗೂ ಸಾಧಿಸಿದ್ದು ನೋಡಿಲ್ಲ.

ಬಾಗಲಕ್ಕ ಆತು ನಿಂತಾನ ಗುಮಾಸ್ತ ಫಕ್ಕೀರಪ್ಪ,
ದವಡ್ಯಾಗ ಎಲಿ ಅಡಿಕಿ, ಕಂಕುಳಾಗ ಕೆಂಪು ಬಸ್ತಾ.
ಮಾತಿಲ್ಲ.
ಗಂಟು ಬಿಚ್ಚಿದರ ಒಣಗಿದ ಬೇವಿನ ಎಲಿ, ಇಲಿ ಹಿಕ್ಕಿ,
ಯಾವದೋ ಕಾಲದ ಅಂಟಿನ ವಾಸನಿ.
ಕಿಟಕಿ ತಗದರ ಕಪ್ಪತಗುಡ್ಡದ ಗಾಳಿ.
ಹೋದ ಆಷಾಢದಾಗ ಒಂದು ವಕಾಲತ್ತು ಹಾರಿ
ಕೆಳಗಿನ ಅಂಗಡಿ ಮಿರ್ಚಿ ಬಾಣಲಿಗೆ ಬಿತ್ತು.
ಅವತ್ತ ನಾ ಅಂದದ್ದು: ಸಾಕು, ಇನ್ನ ಕಾಗದ ಸಾಕು.

ಸಾಫ್ಟ್‌ವೇರ್ ಕೇಳ್ತದ: ಕಕ್ಷಿದಾರರ ಹೆಸರು?
ಒಂದ ಖಾನೆ. ಮೂವತ್ತು ಅಕ್ಷರ.
ಹೊಂಬಳದ ವಾಟ್ನಿ ದಾವೆದಾಗ ನಲವತ್ತೊಂದು ಮಂದಿ ಅದಾರ,
ಐದು ಮಂದಿಗೆ ಅಜ್ಜನ ಹೆಸರು,
ಸತ್ತವರ ಜಾಗಾಕ್ಕ ವಾರಸದಾರರು,
ಒಬ್ಬಾಕಿ ತಾಯಿ ಹೊಟ್ಯಾಗಿದ್ದಾಗ ಪ್ರತಿವಾದಿ ಆದಾಕಿ,
ಮೊನ್ನೆ ತನ್ನ ಎರಡು ಮಕ್ಕಳನ್ನ ಕರಕೊಂಡು ಬಂದಿದ್ಲು.
‘ಅಡ್ಜಸ್ಟ್ ಆಗ್ತದ್ರಿ ಮೇಡಂ’ ಅಂದ ತೌಸೀಫ್.
ಅದ ಮಾತು ನಾ ಅವರಿಗೆ ಹೇಳಿ ಹೇಳಿ ಸೋತೇನಿ.

ಫಕ್ಕೀರಪ್ಪ ಬೇಕಂತ ತಗದ
ಮುಂಬಯಿ ಸರ್ಕಾರದ ಕಾಲದ ಖರೇದಿ ಪತ್ರ, ಮೋಡಿ ಲಿಪಿ.
ಯಂತ್ರ ಓದಿತು:
ಚೌಕ, ಚೌಕ, ಚೌಕ, ಒಂದು ಪ್ರಶ್ನಾರ್ಥಕ, ಮತ್ತ ಚೌಕ.
ಫಕ್ಕೀರಪ್ಪ ಕನ್ನಡಕ ಹಣಿಗೇರಿಸಿ ಓದಿದ:
ಬಾವಿಯೊಳಗ ಕಾಲು ಪಾಲು, ಹುಣಸಿಗಿಡ ಎರಡು,
ಮೂಡಲಕ್ಕ ಬಂಡಿ ಹೋಗಿ ಬರೂ ಹಾದಿ.
ಗೆದ್ದೆ ಅಂತ ನಗಲಿಲ್ಲ.
ಎಲಿ ಉಗುಳಾಕ ಹೊರಗ ಹೋದ.

ಮ್ಯಾಲ ಕೆಂಚವ್ವನ ಫೈಲು.
ಹನ್ನೆರಡು ಹಾಳಿ ಒಳಗ ಹೋದವು, ಪರದೆ ಮ್ಯಾಲ ಹನ್ನೊಂದು.
ಮತ್ತೊಮ್ಮೆ ಹಾಕಿದ. ಹನ್ನೊಂದು.
ತೌಸೀಫ್ ತಲಿ ಕೆರಕೊಂಡು ಸೆಟ್ಟಿಂಗ್ ತಗದ,
‘ಖಾಲಿ ಹಾಳಿ ತಾನ ಬಿಡ್ತದ್ರಿ. ಜಾಗಾ ಉಳೀತದ.’

ಖಾಲಿ ಇರಲಿಲ್ಲ ಅದು.
ಕೆಳಗಿನ ಮೂಲ್ಯಾಗ ನೀಲಿ ಮಸಿ ಮಾಸಿದ್ದ
ಒಂದು ಹೆಬ್ಬೆಟ್ಟಿತ್ತು.
‘ಅದು ಬರೇ ಮಸಿ ಕಲಿ’ ಅಂತ
ಆಕಿ ಅಣ್ಣನ ಪರ ವಾದಾ ಮಾಡಿದ್ದರು.
ಕಲಿ ಅಲ್ಲ, ಹೆಣಮಗಳೊಬ್ಬಾಕಿ ಅಂತ ಸಿದ್ಧ ಮಾಡಲಿಕ್ಕೆ
ಏಳು ವರ್ಷ ಹಿಡೀತು ನನಗ,
ಒಬ್ಬ ತಜ್ಞ, ಒಂದು ಭೂತಗನ್ನಡಿ,
ಕೆಂಚವ್ವನ ಎರಡು ಎಮ್ಮಿ.
ಇವನ ಯಂತ್ರ ಒಂದು ಸೆಕೆಂಡಿನ್ಯಾಗ ಅಪೀಲು ಇಲ್ಲದ ತೀರ್ಪು ಕೊಟ್ಟಿತ್ತು.

ಎಲ್ಲಾಕ್ಕಿಂತ ಸಾವಕಾಶದ್ದನ್ನ ತಗೊಂಡೆ, ಬೆಂಚಿನ ಮ್ಯಾಲಿಂದು.
ಅದರ ಆ ಶ್ಯಾಣ್ಯಾತನ ಬಂದ್ ಮಾಡಲಿಕ್ಕೆ ಬರ್ತದ.
ಸಾಫ್ಟ್‌ವೇರ್ ಇನ್ನೂ ನಿಕ್ಕಿ ಆಗಿಲ್ಲ.
ನಲವತ್ತೊಂದು ಮಂದೀನ ಕುಂಡ್ರಿಸೂದು ಸಿಕ್ಕರ ಹೇಳು ಅಂದೇನಿ.
ಯುಪಿಎಸ್ ಇಪ್ಪತ್ತು ಮಿನಿಟು ತಡೀತದಂತ.

ಈಗ ಖರೇನ ಖಾಲಿ ಇದ್ದ ಹಾಳೀನೂ ಜಮಾ ಆಗ್ತಾವ.
ಇರಲಿ.
ಬಸ್ತಾದ ಕೆಂಪು ಅರಿವಿ ಸ್ಕ್ಯಾನರಿಗೆ ಹೊಚ್ಚೇವಿ, ಧೂಳಿಗೆ.
ಹಾಳಿ ಮ್ಯಾಲಿಡೂ ಗುಂಡಕಲ್ಲು ಬಾಗಲಾ ಬಡೀದಂಗ ಹಿಡೀತದ.

ಫಕ್ಕೀರಪ್ಪ ಮಾತ್ರ ಹೆಬ್ಬೆಟ್ಟಿಗೆ ಉಗುಳು ಹಚ್ಚಿ
ಪರದೆ ಸರಸ್ತಾನ, ಹಾಳಿ ತಿರುವಿದಂಗ.
ಬ್ಯಾಡ ಅಂದರ ‘ಹೂಂನ್ರಿ’ ಅಂತಾನ, ಮತ್ತ ಹಚ್ಚತಾನ.
ಬೆಳಕಿದ್ದಾಗ ಏನೂ ಕಾಣೂದಿಲ್ಲ.
ಇಪ್ಪತ್ತು ಮಿನಿಟು ಮುಗದು
ಪರದೆ ಕಪ್ಪಾತಂದರ
ಸಾಲಕ ಸಾಲು.