ನಾಕು ಬಟ್ಟಿನ ಎತ್ತರ

ಕಿಸೆದಾಗ ಒಂಬತ್ತು ಸಾವಿರ, ಅದರಾಗ ಐನೂರರದ್ದೊಂದು ಹರಿದ ನೋಟು.
ಶಹಾಪುರದ ಗುಡ್ಡ ಎಂದಿನಂಗ ಅಂಗಾತ ಮಲಗಿತ್ತು,
ಜನ ಅದಕ ಬುದ್ಧ ಅಂತಾರ.
ಇತ್ತ ನನ್ನ ಹಳೇ ಪಿಕಪ್ಪಿನ ಕೆಳಗ
ಲಾಡ್ಲೇಸಾಬನೂ ಅಂಗಾತ ಮಲಗಿದ್ದ.
ಬುದ್ಧನ ಗಲ್ಲದ ಮ್ಯಾಲ ಆಯಿಲ್ ಸೋರೂದಿಲ್ಲ,
ಅಷ್ಟೇ ಫರಕು.

"ಎಷ್ಟು ಎತ್ತಬೇಕೋ ಮಲಕಣ್ಣ?"

ಎಷ್ಟಂತ ಹೇಳಲಿ.
ಹುಬ್ಬಿ ಮಳಿ ಹೊಡದ ಮರುದಿನ ಎರಿ ಹೊಲದ ದಾರಿ ನೋಡೀಯೇನು?
ಬ್ಯಾಸಗ್ಯಾಗ ಬಾಯಿ ತಗದು ಬಿದ್ದಿದ್ದ ಮಣ್ಣು
ಈಗ ಏನು ಸಿಕ್ಕರೂ ಕಚ್ಚಿ ಬಿಡವಲ್ದು.
ಹೋದ ವಾರ ಹೆಸರು ಬಿಡಸಾಕ ಹೊಂಟ ಹದಿನಾಕು ಹೆಣ್ಮಕ್ಕಳನ್ನ
ಹಳ್ಳದ ದಂಡ್ಯಾಗ ಇಳಿಸಿ ದಬ್ಬಿಸಿಕೊಂಡೆ.
ಹೊಟ್ಟಿ ನೆಲಕ್ಕ ಹತ್ತಿ ಕುಂತ ಗಾಡಿ,
ಹುದಲಾಗ ಬಿದ್ದ ಎಮ್ಮಿ ಕಾಲು ಬಡದಂಗ
ಗಾಲಿ ತಿರಗೂದೇ ತಿರಗೂದು.
ದುರಗಮ್ಮ ದಬ್ಬೂದು ಬಿಟ್ಟು, ಸೊಂಟಕ್ಕ ಕೈಯಿಟ್ಟು ಕೇಳಿದಳು:
"ನಿನ್ನ ಗಾಡ್ಯಾಗ ನಾವು ಹೊಂಟೀವೋ,
ನಮ್ಮ ಕೂಡ ನಿನ್ನ ಗಾಡಿ ಹೊಂಟದೋ?"

ಹೈದರಾಬಾದಿನಾಗ ಕಿಟ್ ಸಿಗತದಂತ, ಡಬ್ಬಿ ಸಮೇತ ನಲವತ್ತು ಸಾವಿರ.
ಲಾಡ್ಲೇಸಾಬ ನಕ್ಕು ನನ್ನ ಗುಜರಿಗಿ ಕರಕೊಂಡು ಹೋದ.
ಜಾಲಿ ಕಂಟ್ಯಾಗ ತಲಿ ಇಲ್ಲದ ಟೆಂಪೋ ಒಂದು.
ಅದರ ಕಮಾನು ಪಟ್ಟಿ ಬಿಚ್ಚಿ, ಬಟ್ಟಿಲೆ ಹೊಡದು, ಕಿವಿ ಹಚ್ಚಿದ,
ಸಂತ್ಯಾಗ ಗಡಗಿ ಬಾರಿಸೋ ಮುದುಕಿಯಂಗ.
"ಇದರಾಗ ಇನ್ನೂ ಜೀವ ಅದ. ತೂಕದ ರೇಟಿಗಿ ತಗೋ."

ಪಟ್ಟಿ ಎರಡು ತೂಕಕ್ಕ ಬಂದವು.
ಹಿಂದಿನ ಟೈರಿಗಿ ಹೊಸಾ ರಬ್ಬರು, ಮುಂದಿನವು ಮುಂದಿನ ವರ್ಷಕ್ಕ.
ಕಬ್ಬಿಣದ ತುಂಡಿನ ಬದಲಿ ಕಟಗಿ ಇಡೋಣೇನು ಅಂದೆ,
ಪಾನಾ ಒಂದು ನನ್ನ ಕಡಿ ಹಾರಿ ಬಂತು.
ಬೈದದ್ದು ಉರ್ದುದಾಗ, ಅದಕ ಅರ್ಧ ಹತ್ತಲಿಲ್ಲ.
"ಬೋಲ್ಟು ಮಾತ್ರ ಹೊಸಾವು ತರಬೇಕು," ಅಂದ ಕಡೀಕ, ಕನ್ನಡದಾಗ,
"ಇದು ಕಡದರ ಬೀಳೂದು ನೀನಲ್ಲ, ಹಿಂದ ಕುಂತವರು."

ಸಂಜೀಕ ಜಾಕು ಇಳಿಸಿದ.
ಗಾಡಿ ಪೂರಾ ಇಳೀಲಿಲ್ಲ.
ಬಟ್ಟಿಟ್ಟು ಅಳದೆ: ನಾಕು, ಹೆಬ್ಬಟ್ಟು ಬಿಟ್ಟು.
ಧೋತರ ಎತ್ತಿ ಕಟ್ಟಿ ರಾಡಿ ದಾಟಾಕ ನಿಂತ ಗೌಡನಂಗ
ಒಂಥರಾ ಸೆಟದು ನಿಂತಿತ್ತು, ದೀಪ ಎರಡೂ ಮುಗಿಲ ಕಡಿ.
"ತಿರುವಿನ್ಯಾಗ ಸಾವಕಾಶ. ಎತ್ತರ ಆದದ್ದು ಲಗೂ ವಾಲತದ."

ಮರುದಿನ ನಸುಕಿನ್ಯಾಗ ಎಲ್ಲಾರೂ ಒಬ್ಬರನ್ನೊಬ್ಬರು ಜಗ್ಗಿ ಹತ್ತಿದರು.
ದುರಗಮ್ಮನ ಕಾಲು ಮುಟ್ಟಲಿಲ್ಲ.
ಸೀರಿ ಎತ್ತಿ ನಕ್ಕಳು. ಇನ್ನೊಮ್ಮಿ ಎತ್ತಿದಳು, ನಗಲಿಲ್ಲ.
ಮೊಳಕಾಲು ಹಿಡಕೊಂಡು ಅಂದಳು,
"ಹಳ್ಳಕ್ಕ ಅಳತಿ ತಗೊಂಡೀದಿ, ನಂದು ತಗೊಂಡಿಲ್ಲ."
ನಾ ಬಗ್ಗಿ ಎರಡೂ ಅಂಗೈ ಕೂಡಿಸಿದೆ.
ರಾಡಿ ಕಾಲು ಅದರಾಗಿಟ್ಟಳು,
ಅರ್ಧ ಚೀಲ ತೊಗರಿಯಷ್ಟು ಭಾರ.

ಹಳ್ಳ ಬಂತು. ಯಾರೂ ಮಾತಾಡಲಿಲ್ಲ.
ಗಾಲಿ ಜಾಡಿನ ನಡುವಿನ ಹುಲ್ಲು ಗಾಡಿಯ ಹೊಟ್ಟಿ ಸವರಿತು,
ಮಣ್ಣು ಮುಟ್ಟಲಿಲ್ಲ.
ಕ್ಯಾಬಿನ್ನಿನ ಮ್ಯಾಲ ಯಾರೋ ಎರಡು ಸಲ ಬಡದರು,
ಹೋಗಲಿ, ಹೋಗಲಿ.

ಸಂಜೀಕ ಉಳದದ್ದು ಮುನ್ನೂರಾ ನಲವತ್ತು.
ಹರಿದ ನೋಟಂತೂ ಯಾರೂ ತಗೊಂಡಿರಲಿಲ್ಲ.
ಒಂದು ಮೆಟ್ಟಲಾ ಬೇಕು, ಅಂದೆ.
"ಎಷ್ಟು ಕೆಳಗ?"
ಎಷ್ಟು ಎತ್ತಿದಿವೋ ಅಷ್ಟು.
ಗುಜರ್ಯಾಗಿನ ಹೊಲಿಗಿ ಮಷೀನಿನ ಪೆಡಲು ತಂದು,
ಕಣ್ಣಿಗಿ ಕೈ ಅಡ್ಡ ಹಿಡದು ಬೆಸಗಿ ಹಾಕಿದ.

ಅದು ಇನ್ನೂ ಒಂಚೂರು ಆಡತದ, ಹಿಂದ ಮುಂದ.
ದುರಗಮ್ಮ ಕಾಲಿಟ್ಟಾಕಿ ಅಲ್ಲೇ ನಿಂತು
ಎರಡು ಸಲ ತುಳದಳು.
"ಇದನ್ನ ತುಳದು ಏನು ಹೊಲೀಬೇಕೋ ಮಲಕಣ್ಣ?"
ನಾ ಏನೂ ಅನಲಿಲ್ಲ,
ಗೇರು ಹಾಕಿದೆ.